ಬೊಳ್ಳುವಿನ ಹಿಕ್ಕೆ ಸಮಾಚಾರ

ದೂರದೇಶದಲ್ಲಿರುವ ಹೆಂಡತಿಯೊಡನೆ ಫೋನಿನಲ್ಲಿ ಮಾತಾಡಲು ವಿಷಯ ಬೇಕು. ಪ್ರೀತಿಯೊಂದಿದ್ದರೆ ಸಾಕು ಎನ್ನುವವರೆಲ್ಲ ಹೆಂಡತಿಯೊಡನೆ ಒಂದೇ ಮನೆಯಲ್ಲಿರುವವರು. ನನ್ನ ಲವೀನಾ ಮಸ್ಕತ್ತಿನಲ್ಲಿ ನರ್ಸ್. ನಾನು ಮಂಗಳೂರಿನ ಫಳ್ನೀರಿನ ಫ್ಲ್ಯಾಟಿನಲ್ಲಿ ಒಬ್ಬನೇ. ಡ್ಯೂಟಿ ಮುಗಿಸಿ ಬಂದು ಅವಳು "ಊಟ ಆಯ್ತಾ?" ಎನ್ನುತ್ತಾಳೆ. "ಆಯ್ತು. ನಿಂದು?" "ಆಯ್ತು." ಆಮೇಲೆ ಮಂಗಳೂರಿನ ಸೆಕೆ, ಮಸ್ಕತ್ತಿನ ಸೆಕೆ. ಎರಡೂ ಸೆಕೆ ಮುಗಿದ ಮೇಲೆ "ಇಡ್ಲಾ?" ಎಂದು ಕೇಳುತ್ತಾಳೆ. ಇಡಬೇಡ ಎನ್ನಲು ನನಗೆ ನಾಚಿಕೆ. ತಲೆ ನರೆತ ಗಂಡಸು ಹಾಗೆಲ್ಲ ಹೇಳಲಿಕ್ಕುಂಟಾ?

ಹೀಗಿರುವಾಗ ಮನೆಗೆ ಬಂದದ್ದು ಬೊಳ್ಳು. ಆಫೀಸಿನವರೊಬ್ಬರು ಸಾಕಲಾರದೆ ಕೊಟ್ಟ ಮೊಲದ ಮರಿ. ಅದರ ಬಿಳಿ ಬಣ್ಣ ನೋಡಿ ಎದುರು ಫ್ಲ್ಯಾಟಿನ ಯಶೋದಕ್ಕ ತುಳುವಿನಲ್ಲಿ ಇಟ್ಟ ಹೆಸರು. ಲವೀನಾ ಚಿಕ್ಕಂದಿನಲ್ಲಿ ಕಾವೂರಿನ ಮನೆಯಲ್ಲಿ ಮೊಲ ಸಾಕಿದ್ದಳಂತೆ. ವೀಡಿಯೊದಲ್ಲಿ ಮರಿಯನ್ನು ಕಂಡು ಅವಳ ಮುಖ ಅರಳಿದ್ದು ನೋಡಿ ನನಗೆ ಸಣ್ಣ ಹೊಟ್ಟೆಕಿಚ್ಚೇ ಆಯಿತು. "ಕ್ರಿಸ್ಮಸಿಗೆ ನಾನು ಬರುವಾಗ ಇದು ಇರ್ಬೇಕು, ಆಯ್ತಾ?" ಎಂದಳು. ಅಲ್ಲಿಗೆ ನನ್ನ ನೆಮ್ಮದಿ ಹೋಯಿತು. ಲಿಫ್ಟಿನ ಸದ್ದು ತುಸು ಬದಲಾದರೂ ಎದೆ ಹಾರುವ ಜನ ನಾನು.

ಬಂಧುಗಳನ್ನು ಉಪಚರಿಸುವ ಹಾಗೆ ಕ್ಯಾರೆಟ್, ಬಾಳೆಹಣ್ಣು, ಬಿಸ್ಕತ್ತು ಎಲ್ಲ ಕೊಟ್ಟೆ. ಒಂದು ಬೆಳಿಗ್ಗೆ ನೋಡುತ್ತೇನೆ, ಬೊಳ್ಳು ಮೂಲೆಯಲ್ಲಿ ಮುದುಡಿ ಕೂತಿದೆ. ಎಂತ ಇಟ್ಟರೂ ಮುಟ್ಟುವುದಿಲ್ಲ. ಟ್ರೇಯಲ್ಲಿ ಒಂದೇ ಒಂದು ಹಿಕ್ಕೆಯಿಲ್ಲ. ಯಶೋದಕ್ಕ ಬಂದು ನೋಡಿ, "ಕುಚ್ಚಲಕ್ಕಿ ಗಂಜಿತಿಳಿ ಕೊಡಿ ಮಾರಾಯ್ರೆ. ನಮ್ಮ ಮಕ್ಕಳೆಲ್ಲ ಬೆಳೆದದ್ದು ಅದರಲ್ಲೇ ಅಲ್ವಾ?" ಎಂದರು. ನಮ್ಮೂರಿನಲ್ಲಿ ಗಂಜಿಗೆ ಎದುರು ಮಾತಾಡುವವರಿಲ್ಲ. ಜ್ವರಕ್ಕೂ ಗಂಜಿ, ಮದುವೆಯೂಟದ ಮರುದಿನಕ್ಕೂ ಗಂಜಿ. ಚಿಟಿಕೆ ಉಪ್ಪು ಹಾಕಿ, ಆರಿಸಿ, ಚಮಚದಲ್ಲಿ ಹಿಡಿದೆ. ಬೊಳ್ಳು ಮುಖ ತಿರುಗಿಸಿತು. ಉಪ್ಪಿನಕಾಯಿ ಬೇಕಿತ್ತೋ ಏನೋ.

ಬುಟ್ಟಿಯಲ್ಲಿಟ್ಟುಕೊಂಡು ಅತ್ತಾವರದ ಪಶುವೈದ್ಯೆಯ ಬಳಿ ಓಡಿದೆ. "ಮೊಲಕ್ಕೆ ಗಂಜಿಯಾ!" ಎಂದು ಮೊದಲು ನಕ್ಕರು. ಹೊಟ್ಟೆ ಮುಟ್ಟಿ ನೋಡಿದ ಮೇಲೆ ನಗಲಿಲ್ಲ. "ಮೊಲ ಅರ್ಧ ದಿನ ತಿನ್ನದಿದ್ರೆ ಕರುಳೇ ನಿಂತುಹೋಗ್ತದೆ ಸಾರ್. ಔಷಧಿ ಕೊಟ್ಟಿದ್ದೇನೆ. ಇನ್ನು ಒಣಹುಲ್ಲು, ನೀರು. ಬೇರೆ ಎಂತದೂ ಬೇಡ. ನಾಳೆಯೊಳಗೆ ಹಿಕ್ಕೆ ಬಿದ್ರೆ ಬಚಾವ್."

ಸಂಜೆ ಲವೀನಾಳಿಗೆ ಹೇಳಬೇಕಾಯಿತು. ತಕ್ಷಣ ಅವಳ ವಾರ್ಡಿನ ಸ್ವರ ಎದ್ದಿತು. "ಹೊಟ್ಟೆ ಗಟ್ಟಿ ಉಂಟಾ? ಹಲ್ಲು ಕಡೀತದಾ? ಕಿವಿ ತಣ್ಣಗಾಗಿದ್ಯಾ? ಫೋನ್ ಇಡ್ಬೇಡಿ, ಹಾಗೇ ಅದರ ಹತ್ರ ಒರಗಿಸಿ."

ಫೋನ್ ಇಡಬೇಡಿ! ಹುಲ್ಲಿನ ಕಟ್ಟಿಗೆ ಒರಗಿಸಿದೆ. ಅತ್ತ ಅವಳು ಅಡುಗೆ ಮಾಡಿದಳು. ಒಗ್ಗರಣೆ ಸಿಡಿದದ್ದು ಕೇಳಿಸಿತು, ಮುಚ್ಚಳ ಬಿದ್ದದ್ದು ಕೇಳಿಸಿತು, "ಅಯ್ಯೋ ದೇವಾ" ಎಂದದ್ದೂ. ನಡುನಡುವೆ ಕಾವೂರಿನ ಕೆರೆಯ ಬದಿಯಿಂದ ಫ್ರಾಕಿನ ತುಂಬ ಹುಲ್ಲು ಕಿತ್ತು ತಂದು ಅಮ್ಮನಿಂದ ಬೈಸಿಕೊಂಡ ಕತೆ. ಇಷ್ಟು ವರ್ಷದಲ್ಲಿ ನನಗೆ ಹೇಳಿರದ ಕತೆ, ಮೊಲಕ್ಕೆ ಹೇಳಿದಳು. ನಾನು ಮೊಲದ ಬೆನ್ನು ನೇವರಿಸುತ್ತಾ ಕೇಳಿದೆ. ಮನೆಯಲ್ಲಿ ಒಗ್ಗರಣೆಯ ಸದ್ದಾಗದೆ ಎಷ್ಟು ಕಾಲವಾಗಿತ್ತು! ಪರಿಮಳವೊಂದು ಬರಲಿಲ್ಲ, ಅಷ್ಟೆ.

ಬೆಳಿಗ್ಗೆ ಟ್ರೇಯಲ್ಲಿ ಹಿಕ್ಕೆ! ಗುಂಡಗೆ, ಒಣಗಿ, ಕಾಳುಮೆಣಸಿನಂಥವು. ಫೋಟೋ ತೆಗೆದು ಕಳಿಸಿದೆ. ಡ್ಯೂಟಿಯ ನಡುವೆಯೇ ಉತ್ತರ ಬಂತು: ಒಂದು ಕೆಂಪು ಹೃದಯ. ಮದುವೆಯಾದಂದಿನಿಂದ ಲವೀನಾ ನನ್ನ ಫೋನಿಗೆ ಕಳಿಸಿದ ಮೊದಲ ಹೃದಯ. ಅದು ಸಂದದ್ದು ಹಿಕ್ಕೆಗೆ.

ಈಗ ಬೊಳ್ಳು ಹುಲ್ಲು ಮೆಲ್ಲುತ್ತಾ ಸುಖವಾಗಿದೆ. ನಮ್ಮ ಮಾತು ಪುನಃ ಎರಡು ಸೆಕೆಗೆ ಬಂದು ನಿಂತಿದೆ. ನಿನ್ನೆ ಅವಳು, "ಅದರದ್ದು ಸರಿ ಆಗ್ತಾ ಉಂಟಲ್ಲ? ಇಡ್ಲಾ?" ಎಂದಳು. ಧೈರ್ಯ ಮಾಡಿ, "ಅದರದ್ದು ಸರಿ ಉಂಟು. ನನಗೇ ಹೊಟ್ಟೆ ಒಂಥರಾ. ಊಟವೇ ಸೇರುವುದಿಲ್ಲ" ಎಂದೆ. ಹೊಟ್ಟೆ ಗಟ್ಟಿ ಉಂಟಾ, ಕಿವಿ ತಣ್ಣಗಾಗಿದೆಯಾ ಎಂದು ಕೇಳುತ್ತಾಳೆಂದು ಕಾದೆ.

"ಗಂಜಿ ಕುಡೀರಿ," ಎಂದು ಇಟ್ಟುಬಿಟ್ಟಳು.

ಕುಡಿದೆ. ಬೊಳ್ಳುವಿನ ಹಾಗೆ ಮುಖ ತಿರುಗಿಸುವಷ್ಟು ಧೈರ್ಯ ನನಗೆಲ್ಲಿ?