ಹಿಂದಿನ ಸಾಲಿಗೆ ಪ್ರವಚನ

"ಇವತ್ತು ಸಿನಿಮಾ ಮುಗಿಯೋ ತನಕ ನಾನು ತುಟಿ ಪಿಟಕ್ ಅಂದ್ರೆ, ನಾಳೆಯಿಂದ ನನ್ನನ್ನ ಮನುಷ್ಯ ಅಂತಲೇ ಕರೀಬೇಡ!"

ಫ್ರಿಜ್ ಸ್ವಾಮಿಗಳು ಈ ಘೋರ ಪ್ರತಿಜ್ಞೆ ಮಾಡಿದ್ದು ಅಡುಗೆಮನೆಯ ಬಾಗಿಲಲ್ಲಿ, ಸ್ಕ್ರೂಡ್ರೈವರನ್ನು ಗದೆಯಂತೆ ಎತ್ತಿ ಹಿಡಿದು. ಒಳಗೆ ಲೋಟ ಒರೆಸುತ್ತಿದ್ದ ಹೆಂಡತಿ ತಲೆ ಕೂಡ ಎತ್ತಲಿಲ್ಲ.

"ಪ್ರತಿಜ್ಞೆ ಎಲ್ಲ ಬೇಡ ರೀ. ಬಾಯಿ ಮುಚ್ಕೊಂಡಿದ್ರೆ ಸಾಕು" ಎಂದಳು.

ಸ್ವಾಮಿಗಳು ಎಂದರೆ ಕಾವಿ ಉಟ್ಟವರೇನಲ್ಲ, ಫ್ರಿಜ್ ರಿಪೇರಿ ಮಾಡುವವರು. ಬಿರುದು ಕೊಟ್ಟವರು ಗಿರಾಕಿಗಳು. ಕೆಟ್ಟ ಫ್ರಿಜ್ಜಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಒಂದು ಕಡೆ ಕಂಪ್ರೆಸರ್ ಬಿಚ್ಚುತ್ತ, ಇನ್ನೊಂದು ಕಡೆ ಮೊನ್ನೆ ನೋಡಿದ ಸಿನಿಮಾದ ಒಳಾರ್ಥ ಬಿಚ್ಚುವುದು ಅವರ ಪದ್ಧತಿ. ಕಂಪ್ರೆಸರನ್ನಾದರೂ ಮತ್ತೆ ಜೋಡಿಸುತ್ತಿದ್ದರು, ಒಳಾರ್ಥ ಮಾತ್ರ ಬಿಚ್ಚಿಕೊಂಡೇ ಹೋಗುತ್ತಿತ್ತು. ಅಷ್ಟರಲ್ಲಿ ಒಳಗಿದ್ದ ಹಾಲು ಒಡೆದಿರುತ್ತಿತ್ತು.

ಅವರ ಪ್ರಕಾರ ಅರ್ಥವಿಲ್ಲದ ಸಿನಿಮಾ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ನಾಯಕ ಮಹಡಿಯಿಂದ ಬಿದ್ದರೂ ಅಂಗಿಗೆ ಧೂಳಾಗದೆ ಎದ್ದು ನಿಂತರೆ, "ನೋಡು, ಆತ್ಮಕ್ಕೆ ಏನೂ ಅಂಟಲ್ಲ!" ಚಿಕ್ಕಂದಿನಲ್ಲಿ ಬೇರೆಯಾದ ಅಣ್ಣತಮ್ಮಂದಿರು ಕೊನೆಗೆ ತಬ್ಬಿಕೊಂಡರೆ ಜೀವಾತ್ಮ ಪರಮಾತ್ಮರ ಮಿಲನ. ಎಲ್ಲ ಹೊಡೆದಾಟ ಮುಗಿದ ಮೇಲೆ ಪೊಲೀಸರು ಬಂದರೆ, "ಜ್ಞಾನ ಯಾವಾಗ್ಲೂ ತಡವಾಗೇ ಬರೋದು ಕಣೇ!" ಒಂದೇ ಹಾಡಿನಲ್ಲಿ ನಾಯಕಿ ಐದಾರು ಸೀರೆ ಬದಲಿಸಿದಾಗಲಂತೂ ಅವರ ಕಣ್ಣಲ್ಲಿ ನೀರೇ ಬಂದಿತ್ತು. "ಪುನರ್ಜನ್ಮ! ಜೀವ ದೇಹ ಬದಲಿಸೋದು ಹೀಗೇ!"

"ಅದು ಸೀರೆ ಅಂಗಡಿಯವನ ಪೂರ್ವಜನ್ಮದ ಪುಣ್ಯ. ಸುಮ್ನೆ ಹಾಡು ಕೇಳಿ" ಎಂದಿದ್ದಳು ಹೆಂಡತಿ. ಕೊನೆಗೊಂದು ಮಾತು ಸೇರಿಸುವುದು ಸ್ವಾಮಿಗಳಿಗೆ ಕಡ್ಡಾಯ. "ಹಾಡೂ ಮಾಯೆ, ಸೀರೆಯೂ ಮಾಯೆ. ಪರದೆ ಮೇಲಿರೋದೆಲ್ಲ ಮಾಯೆ!"

ಆದರೆ ಇವತ್ತಿನ ಸಿನಿಮಾದ ಸಂಗತಿ ಬೇರೆ. ಹೆಂಡತಿಗೆ ಆಗ ಹದಿನೇಳು. ಕಾಲೇಜಿನಿಂದ ಬರುತ್ತಿದ್ದಾಗ ರೈಲು ನಿಲ್ದಾಣದಲ್ಲಿ ಶೂಟಿಂಗ್ ನಡೆಯುತ್ತಿತ್ತಂತೆ. "ಜನ ಸಾಲ್ತಾ ಇಲ್ಲ, ನೀನೂ ನಿಂತ್ಕೊಳ್ಳಮ್ಮ" ಎಂದು ಯಾರೋ ಕರೆದರಂತೆ, ಇವಳು ನಿಂತಳಂತೆ. ಅಪ್ಪನಿಗೆ ಗೊತ್ತಾದರೆ ಕಾಲು ಮುರಿಯುತ್ತಾರೆಂದು ಯಾರಿಗೂ ಉಸಿರೆತ್ತಲಿಲ್ಲ. ಆ ಸಿನಿಮಾ ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ಅವಳ ಆ ವಯಸ್ಸಿನ ಒಂದು ಫೋಟೊ ಕೂಡ ಮನೆಯಲ್ಲಿಲ್ಲ. ಈಗ ಬಾಗಿಲು ಹಾಕಲಿರುವ ಹಳೆಯ ಟಾಕೀಸಿನವರು ಗೋದಾಮಿನಲ್ಲಿ ಉಳಿದಿದ್ದ ರೀಲುಗಳನ್ನು ಕೊನೆಯದಾಗಿ ಒಂದೊಂದು ಆಟ ಓಡಿಸುತ್ತಿದ್ದರು. ಇವತ್ತು ಅದರ ಸರದಿ.

"ಮಧ್ಯಂತರ ಆದ್ಮೇಲೆ ಸ್ಟೇಷನ್ ಸೀನ್ ಬರುತ್ತಂತೆ, ಟಾಕೀಸಿನವರು ಹೇಳಿದ್ರು. ಕೊಡೆ ಹಿಡ್ಕೊಂಡು ನಿಂತಿದ್ದೆ ಅಂತ ನೆನಪು. ಕಣ್ಣು ಮಿಟುಕಿಸೋದ್ರಲ್ಲಿ ಹೋಗ್ಬಿಡುತ್ತೆ. ಅದೊಂದನ್ನ ನೀವು ನೋಡ್ಬೇಕು ರೀ" ಎಂದಿದ್ದಳು. ಮದುವೆಯಾದಾಗಿನಿಂದ ಅವಳು ತನಗಾಗಿ ಬಾಯಿಬಿಟ್ಟು ಕೇಳಿದ್ದು ಇದೊಂದನ್ನೇ. ಅದು ಸ್ವಾಮಿಗಳಿಗೂ ಗೊತ್ತಿತ್ತು.

ಟಾಕೀಸಿನಲ್ಲಿ ಸ್ಪ್ರಿಂಗ್ ಎದ್ದ ಸೀಟಿನ ಮೇಲೆ ಕೂತವರೇ ಗೋಲಿಗಾತ್ರದ ಪೆಪ್ಪರಮಿಂಟೊಂದನ್ನು ಬಾಯಿಗೆ ಹಾಕಿಕೊಂಡು ತುಟಿ ಹೊಲಿದುಕೊಂಡರು. ಆದರೆ ಆ ನಿರ್ದೇಶಕ ಮಹಾಶಯನಿಗೆ ಇವರ ಮೇಲೆ ಏನು ಹಗೆಯಿತ್ತೋ! ಕನ್ನಡಿ ಒಡೆಯಿತು, ಚೂರುಚೂರಿನಲ್ಲೂ ನಾಯಕನ ಮುಖ. ಒಬ್ಬನೇ ಹಲವಾಗುವುದು! ಸ್ವಾಮಿಗಳು ತಮ್ಮ ತೊಡೆಯನ್ನೇ ಚಿವುಟಿಕೊಂಡರು. ಎಣ್ಣೆಯಿದ್ದರೂ ದೀಪ ತಾನಾಗಿ ಆರಿತು. ಅಯ್ಯೋ! ಪೆಪ್ಪರಮಿಂಟು ನುಂಗಿ, ಕೆಮ್ಮಿ, ಇನ್ನೊಂದು ಹಾಕಿಕೊಂಡರು. ಮಧ್ಯಂತರದ ಹೊತ್ತಿಗೆ ನಾಲಿಗೆ ಮರಗಟ್ಟಿತ್ತು, ವ್ರತ ಮಾತ್ರ ಕೆಟ್ಟಿರಲಿಲ್ಲ.

"ಹೆಂಗೆ?" ಎಂದರು ಎದೆ ಉಬ್ಬಿಸಿ.

"ಇನ್ನೂ ಅರ್ಧ ಇದೆ" ಎಂದಳು ಹೆಂಡತಿ. ಆದರೂ ನಕ್ಕಳು. ದೀಪ ಆರಿದಾಗ ಅವರ ಅಂಗಿಯ ತೋಳು ಹಿಡಿದುಕೊಂಡು ಕೂತಳು.

ಸಿನಿಮಾದುದ್ದಕ್ಕೂ ಒಂದು ಪೆಟ್ಟಿಗೆಗಾಗಿ ಹೊಡೆದಾಡಿದ ನಾಯಕ ಅದನ್ನು ರೈಲು ನಿಲ್ದಾಣದ ಮೆಟ್ಟಿಲ ಮೇಲೆ ಇಟ್ಟು, ಬರಿಗೈಯಲ್ಲಿ ಒಳಕ್ಕೆ ನಡೆದ. ಹಿಂದಿನ ಸಾಲಿನಿಂದ ಒಂದು ದಪ್ಪ ಧ್ವನಿ ಕೇಳಿಸಿತು: "ಥೂ, ತಲೆಬುಡ ಇಲ್ಲ. ಅರ್ಥವೇ ಇಲ್ಲದ ಸಿನಿಮಾ!"

ಸ್ವಾಮಿಗಳ ಬಾಯಿಂದ ಪೆಪ್ಪರಮಿಂಟು ಚಿಮ್ಮಿ ಮುಂದಿನ ಸಾಲಿನ ಕತ್ತಲಲ್ಲಿ ಯಾರಿಗೋ ತಾಗಿತು. ಅವರು ಸೀಟಿನ ಮೇಲೆ ಮಂಡಿಯೂರಿ ಹಿಂದಕ್ಕೆ ತಿರುಗಿಯೇಬಿಟ್ಟರು.

"ಅರ್ಥ ಇಲ್ವಾ? ಏನ್ರೀ, ಅರ್ಥ ಇಲ್ವಾ? ಪೆಟ್ಟಿಗೆ ಅಂದ್ರೆ ಏನು? ನಾನು, ನನ್ನದು ಅನ್ನೋ ಅಹಂಕಾರ! ಅದನ್ನ ಹೊಸಿಲಾಚೆ ಇಟ್ಟೋನಿಗೆ ಮಾತ್ರ ಒಳಗೆ ಪ್ರವೇಶ!"

"ನೀವೇನು ಈ ಸಿನಿಮಾ ತೆಗೆದೋರಾ?"

"ತೆಗೆದೋನು ಬೇರೆ, ನೋಡೋನು ಬೇರೆ ಅನ್ನೋದೇ ಅಜ್ಞಾನ!"

"ನಾನು ನೋಡೋನು, ನೀವು ಅಡ್ಡ. ನನಗಿರೋ ಜ್ಞಾನ ಇಷ್ಟೇ. ಕೂತ್ಕೊಳ್ರೀ!"

ಹೆಂಡತಿ ತೋಳು ಜಗ್ಗಿದಳು. ಮೆಲ್ಲಗೆ ಮಾತಾಡಿ ಎನ್ನುತ್ತಿದ್ದಾಳೆಂದು ತಿಳಿದ ಸ್ವಾಮಿಗಳು ಧ್ವನಿ ತಗ್ಗಿಸಿ ಮುಂದುವರಿಸಿದರು. ಅವಳು ಇನ್ನೂ ಜೋರಾಗಿ ಜಗ್ಗಿದಳು. "ರೀ... ರೀ!"

"ತಡಿಯೇ, ಇವರಿಗೊಂದು ಮಾತು ಹೇಳ್ಬಿಡ್ತೀನಿ" ಎಂದರು.

ಅಷ್ಟರಲ್ಲಿ ಟಾರ್ಚಿನವನು ಬಂದು ಮುಖಕ್ಕೇ ಬೆಳಕು ಬಿಟ್ಟ. "ಯಾರ್ರೀ ಅದು ಭಾಷಣ ಮಾಡ್ತಿರೋದು?" ಸ್ವಾಮಿಗಳು ಕಣ್ಣುಜ್ಜಿಕೊಂಡು ಮುಂದಕ್ಕೆ ತಿರುಗಿದರು. ಪರದೆಯ ಮೇಲೆ ರೈಲು ಹೊರಟುಹೋಗಿತ್ತು. ಪ್ಲಾಟ್‌ಫಾರಂ ಖಾಲಿ. ತೋಳು ಜಗ್ಗುತ್ತಿದ್ದ ಕೈ ಈಗ ಅವಳ ಮಡಿಲಲ್ಲಿತ್ತು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ನನ್ನ ಮಾತು ಎಷ್ಟು ಆಳಕ್ಕೆ ಇಳಿದಿದೆ ಎಂದು ಸ್ವಾಮಿಗಳು ಒಂದು ಕ್ಷಣ ಬೀಗಿದರು. ಆಮೇಲೆ ಸ್ಟೇಷನ್ ಸೀನು ನೆನಪಾಯಿತು.

ಹೊರಗೆ ಬಿಸಿಲಿಗೆ ಬಂದ ಕೂಡಲೇ ಅವಳು ಕೇಳಿದಳು: "ನೋಡಿದ್ರಾ?"

ಸುಳ್ಳಾಡಬಾರದೆಂಬ ನೀತಿಯನ್ನು ನೂರಾರು ಸಿನಿಮಾಗಳಿಂದ ಹಿಂಡಿ ತೆಗೆದಿದ್ದ ಮಹಾನುಭಾವರು ಗಂಟಲು ಸರಿಮಾಡಿಕೊಂಡರು. "ನೋಡದೇ ಇರ್ತೀನಾ? ಎಷ್ಟು ಲಕ್ಷಣವಾಗಿದ್ದೆ! ಕೊಡೆ ಹಿಡ್ಕೊಂಡು, ಹಾಗೇ ಗೊಂಬೆ ಥರ..."

"ಕೊಡೆ ಇರ್ಲಿಲ್ಲ ರೀ."

ಕೊಡೆ ಹಿಡಿದು ತೋರಿಸಲು ಎತ್ತಿದ್ದ ಮುಷ್ಟಿಯನ್ನು ಸ್ವಾಮಿಗಳು ಮೆಲ್ಲಗೆ ಜೇಬಿಗೆ ಇಳಿಸಿದರು.

"ನನಗೇ ತಪ್ಪು ನೆನಪಿತ್ತು. ಕೊಡೆ ಹಿಡಿದಿದ್ದೋಳು ಪಕ್ಕದೋಳು. ನಾನು ಕೈ ಬೀಸ್ತಿದ್ದೆ. ಎಲ್ಲರೂ ರೈಲು ನೋಡ್ತಿದ್ರೆ, ಆ ಹದಿನೇಳರ ಹುಡುಗಿ ಒಬ್ಬಳೇ ಈ ಕಡೆ ತಿರುಗಿ ನಗ್ತಾ ಕೈ ಬೀಸಿದ್ಲು. ಇಷ್ಟು ವರ್ಷ ಕಾದು, ನಮ್ಮಿಬ್ಬರಿಗೇ ಬೀಸಿದ ಹಾಗಿತ್ತು."

ಸ್ವಾಮಿಗಳು ಟಾಕೀಸಿನೊಳಕ್ಕೆ ಓಡಿದರು. ಆಪರೇಟರನ ಕೈ ಹಿಡಿದು ಗೋಗರೆದರು. "ಅದೊಂದು ರೀಲು ಓಡ್ಸಪ್ಪ! ನಿನ್ನ ಫ್ರಿಜ್ಜನ್ನ ಜೀವಮಾನವೆಲ್ಲ ಬಿಟ್ಟಿ ರಿಪೇರಿ ಮಾಡ್ಕೊಡ್ತೀನಿ!"

"ನಮ್ಮನೇಲಿ ಫ್ರಿಜ್ಜೇ ಇಲ್ಲ ಸಾರ್. ರೀಲಂತೂ ಹಪ್ಪಳ ಆಗೋಗಿದೆ, ಸುತ್ತುವಾಗ್ಲೇ ಪುಡಿಪುಡಿ ಆಯ್ತು. ಅದನ್ನ ಇನ್ನು ಯಾರೂ ಓಡ್ಸಕ್ಕಾಗಲ್ಲ" ಎಂದು ಆಪರೇಟರ್ ತಗಡಿನ ಡಬ್ಬಿ ತೆರೆದು ತೋರಿಸಿದ. ಪಕ್ಕದಲ್ಲಿದ್ದ ಟಾರ್ಚಿನವನು ಇವರ ಗುರುತು ಹಿಡಿದ. "ಓ, ಪ್ರವಚನದ ಸಾಹೇಬ್ರು! ಇದರ ಅರ್ಥ ಏನು ಸಾರ್, ಹೇಳಿ?"

ಎಂಥೆಂಥ ಸಿನಿಮಾಕ್ಕೂ ಅರ್ಥ ಹೇಳಿದ್ದ ಸ್ವಾಮಿಗಳಿಗೆ ಆ ಡಬ್ಬಿಯೊಳಗಿನ ಕಪ್ಪು ಚೂರುಗಳಿಗೆ ಒಂದೂ ಅರ್ಥ ಹೊಳೆಯಲಿಲ್ಲ.

ಮನೆಗೆ ಬಂದು ಹೆಂಡತಿ ಎಂದಿನಂತೆ ಚಹಾ ಕಾಯಿಸಿದಳು. ಅವಳು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

"ಒಂದೆರಡು ಮಾತು ಅನ್ನಬಾರದೇನೇ?" ಎಂದು ಸ್ವಾಮಿಗಳೇ ಅಂಗಲಾಚಿದರು.

"ಯಾಕೆ ಅನ್ನಲಿ? ಪರದೆ ಮೇಲಿರೋದೆಲ್ಲ ಮಾಯೆ ಅಂತ ನೀವೇ ಹೇಳ್ತಿದ್ರಲ್ಲ."

"ಅದು ಮಾಯೆ ಅಲ್ಲ ಕಣೇ, ನೀನು! ನಾನು ಶುದ್ಧ ಮುಠ್ಠಾಳ." ಅವಳ ಹತ್ತಿರ ಸರಿದು ಕೂತು, "ಹೇಗೆ ಬೀಸಿದೆ ಅಂತ ಒಂದೇ ಒಂದ್ಸಲ ತೋರಿಸ್ತೀಯಾ?" ಎಂದು ಕೇಳಿದರು.

ಅವಳು ಲೋಟ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. ಗಂಡನ ಎರಡೂ ಭುಜ ಹಿಡಿದು ನಿಲ್ಲಿಸಿ, ನಿಧಾನವಾಗಿ ಅವರನ್ನು ಫ್ರಿಜ್ಜಿನ ಕಡೆ ತಿರುಗಿಸಿದಳು. ನಾಚಿಕೆಯಿರಬೇಕು, ಸಿದ್ಧಳಾದ ಮೇಲೆ ಕರೆಯುತ್ತಾಳೆ ಎಂದುಕೊಂಡು ಸ್ವಾಮಿಗಳು ಫ್ರಿಜ್ಜಿನ ಬಿಳಿ ಬಾಗಿಲನ್ನೇ ನೋಡುತ್ತ ಉಸಿರು ಬಿಗಿಹಿಡಿದು ನಿಂತರು. ಬೆನ್ನ ಹಿಂದೆ ಬಳೆಗಳು ಸಣ್ಣಗೆ ಸದ್ದು ಮಾಡಿ ನಿಂತವು.

"ಬೀಸಿ ಆಯ್ತು" ಎಂದಳು ಹೆಂಡತಿ. "ನೋಡಿದ್ರಾ?"