ಗಂಡನಿಗೆ ಸಾಯಲು ಹೇಳಿಕೊಟ್ಟಿದ್ದು

ನನ್ನ ಗಂಡನಿಗೆ ಸರಿಯಾಗಿ ಸಾಯಲು ಬರುತ್ತಿರಲಿಲ್ಲ. ಮದುವೆಯಾದಾಗಿನಿಂದ ನಾನು ನುಂಗಿಕೊಂಡು ಬಂದ ಸಂಕಟ ಇದು.

ಅವರು ಸಿನಿಮಾದಲ್ಲಿ ಅಪ್ಪನ ಪಾತ್ರ ಮಾಡುವವರು. ಮಗಳು ಓಡಿಹೋಗಲಿ, ಮಗ ಜೈಲಿಗೆ ಹೋಗಲಿ, ಅವರ ಕೆಲಸ ಒಂದೇ: ಎದೆ ಹಿಡಿದುಕೊಂಡು, ಕಣ್ಣು ಮೇಲೆ ಮಾಡಿ, ಮೆಟ್ಟಿಲಿನಿಂದ ಉರುಳುವುದು. (ಮೆಟ್ಟಿಲಿಲ್ಲದ ಮನೆಯಾದರೆ ಸೋಫಾದಿಂದ.) ಅವರು ಸಾಯುವಾಗ ಜನ ಎದ್ದು ಹೊರಗೆ ಹೋಗಿ ಬರುತ್ತಿದ್ದರು.

ಹೋದ ವರ್ಷ ಇನ್ನೊಂದು ಚಿತ್ರ ಬಂತು. ಅದೇ ಶ್ರೀಮಂತ ಅಪ್ಪ, ಅದೇ ಓಡಿಹೋಗುವ ಮಗಳು, ಅದೇ ಎದೆನೋವು. ಅಡುಗೆಮನೆಯ ಬಾಗಿಲಲ್ಲಿ ಬಿದ್ದು ಎದ್ದು ಅಭ್ಯಾಸ ಮಾಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ಅಲ್ಲಾ ರೀ, ಯಾರಾದ್ರೂ ಹಾಗೆ ಸಾಯ್ತಾರಾ?"

"ಮತ್ತೆ ಹೇಗೆ ಸಾಯ್ತಾರೆ? ನೀನೇ ಹೇಳು, ಎಲ್ಲಾ ತಿಳಿದವಳು."

ಇದೊಂದು ನನಗೆ ತಿಳಿದಿತ್ತು. ನಮ್ಮಪ್ಪ ನನ್ನ ಕಣ್ಣೆದುರೇ ಹೋದವರು. ಮಾತಾಡುತ್ತಿದ್ದವರು ಸುಮ್ಮನಾದರು. ಕೈಯಲ್ಲಿದ್ದ ಲೋಟವನ್ನು ಚೆಲ್ಲದ ಹಾಗೆ ಕೆಳಗಿಟ್ಟು, ಕೂರಲು ಜಾಗ ಹುಡುಕಿದರು. ಮುಖದಲ್ಲಿ ನೋವಿಗಿಂತ ಸಂಕೋಚವೇ ಹೆಚ್ಚಿತ್ತು, ಮನೆಯವರಿಗೆ ತೊಂದರೆ ಕೊಡುತ್ತಿದ್ದೇನೆ ಎನ್ನುವ ಹಾಗೆ. ಅಷ್ಟೇ.

ಇದನ್ನು ಹೇಳಿದಾಗ ಅವರು ಎದುರು ಮಾತಾಡಲಿಲ್ಲ. (ನಮ್ಮ ಸಂಸಾರದಲ್ಲಿ ಅದೇ ಮೊದಲು.) ಶೂಟಿಂಗಿನಲ್ಲಿ ಹಾಗೇ ಮಾಡಿದರು.

ಕಥೆ ಹಳಸಲೇ. ಆದರೆ ಅವರು ಲೋಟ ಕೆಳಗಿಟ್ಟಾಗ ಥಿಯೇಟರಿನಲ್ಲಿ ಒಬ್ಬರೂ ಕೆಮ್ಮಲಿಲ್ಲ. ಅಲ್ಲಿಂದಾಚೆಗೆ ಆ ಪೆದ್ದು ಮಗಳ ಅಳುವೂ ನಿಜವೆನಿಸಿತು, ಖಳನಾಯಕ ನಕ್ಕರೂ ಮೈ ನಡುಗಿತು. ಪಕ್ಕದ ಮನೆಯಾಕೆ ನನ್ನ ಕೈ ಹಿಡಿದುಕೊಂಡು ಅತ್ತಳು. ನಾನು ಬೀಗಿದೆ. ಆ ಮರಣದ ಮೂಲಕರ್ತೃ ನಾನೇ ತಾನೆ.

ಆಮೇಲೆ ಅವರಿಗೆ ಸಾಯಲು ಪುರುಸೊತ್ತಿಲ್ಲದಷ್ಟು ಕೆಲಸ ಬಂತು. ಮನೆಯಲ್ಲಿ ಅಭ್ಯಾಸ, ನಾನು ನಿರ್ದೇಶಕಿ. ಒಂದು ಬೆಳಿಗ್ಗೆ ಮಾತು ನಿಲ್ಲಿಸಿ, ಲೋಟ ಕೆಳಗಿಟ್ಟು, ಕುರ್ಚಿ ಹುಡುಕಿ ಕೂತರು.

"ಚೆನ್ನಾಗಿದೆ ರೀ. ಆದ್ರೆ ಬೇಗ ಕೂತುಬಿಟ್ರಿ. ಇನ್ನೊಂದು ಸಲ."

ಅವರು ಏಳಲು ನೋಡಿದರು. ನಾನು ಹೇಳಿದೆನೆಂದು ನಿಜವಾಗಿಯೂ ಏಳಲು ನೋಡಿದರು.

"ಆಗ್ತಿಲ್ಲ ಕಣೇ," ಎಂದರು.

ಆಗ ಹಣೆಯ ಮೇಲಿನ ಬೆವರು ಕಂಡಿತು. ಬೆವರನ್ನು ನಾನು ಹೇಳಿಕೊಟ್ಟಿರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು, "ನೋವು ಬಂದ ಕೂಡಲೇ ಯಾಕೆ ಕರ್ಕೊಂಡು ಬರ್ಲಿಲ್ಲ?" ಎಂದರು.

"ಇನ್ನೊಂದು ಸಲ ಮಾಡಿ ಅಂದೆ," ಎಂದೆ.

ಡಾಕ್ಟರು ಕನ್ನಡಕ ತೆಗೆದು ನನ್ನನ್ನು ನೋಡಿ, ಒಳಗೆ ಹೋದರು. ಬಾಗಿಲು ಮುಚ್ಚಿತು.

ನಾನು ಎದೆ ಬಡಿದುಕೊಂಡೆ. ಗೋಡೆಗೆ ತಲೆ ಚಚ್ಚಿಕೊಂಡೆ. ನನ್ನ ಬಿಟ್ಟು ಹೋಗಬೇಡಿ ಎಂದು ಇಡೀ ಮಹಡಿಗೆ ಕೇಳುವಂತೆ ಬೊಬ್ಬೆ ಹಾಕಿದೆ. ನೆಲದ ಮೇಲೆ ಹೊರಳಾಡಿದೆ ಕೂಡ ಎಂದು ಆಯಾ ಆಮೇಲೆ ಹೇಳಿದಳು.

ಸಂಜೆ ಒಳಗೆ ಬಿಟ್ಟರು. ಮೂಗಿಗೆ ನಳಿಕೆ, ಕೈಗೆ ಸೂಜಿ, ರಕ್ತವಿಲ್ಲದ ಮುಖ. ನನ್ನನ್ನು ಕಂಡು ತುಟಿ ಅಲುಗಿಸಿದರು. ಬಾಗಿ ಕಿವಿಗೊಟ್ಟೆ.

"ಹೊರಗೆ ಯಾರೋ ಅಳ್ತಿದ್ರಲ್ಲ," ಎಂದು ಉಸಿರೆಳೆದುಕೊಂಡರು. "ಪಾಪ, ಎಷ್ಟು ಕೆಟ್ಟದಾಗಿ ಮಾಡ್ತಿದ್ರು."

ನರ್ಸು ನನ್ನ ಮುಖ ನೋಡಿದಳು. ನಾನು ಅವರ ಹೊದಿಕೆ ಸರಿಮಾಡಿದೆ.

"ಯಾರೋ ಏನೋ ರೀ," ಎಂದೆ. "ನೀವು ಮಲಗಿ."