ಹಸುವಿನ ಬಾಯಿ ಮೂಸುವ ಅತ್ತೆ

ನಮ್ಮ ಸೋದರತ್ತೆ ಹಸುಗಳ ಬಾಯಿ ಮೂಸುತ್ತಾಳೆ. ತಮಾಷೆಗಲ್ಲ, ದಿನಾ ಸಂಜೆ! ಅಂಗಳದ ತೊಟ್ಟಿಯಲ್ಲಿ ತಿಂದು ಮುಗಿಸಿದ ಹಸುವನ್ನು ಕೊಟ್ಟಿಗೆಯ ಬಾಗಿಲಲ್ಲೇ ತಡೆದು "ಊದವ್ವ" ಅನ್ನುತ್ತಾಳೆ. ಹಸು ಬುಸ್ಸೆಂದು ಉಸಿರು ಬಿಡುತ್ತದೆ. ಅತ್ತೆ ಕಣ್ಣು ಮುಚ್ಚಿ ಅದನ್ನು ಎಳೆದುಕೊಂಡು, ತುಸು ಹೊತ್ತು ಎಲ್ಲಿಗೋ ಹೋಗಿ ಬಂದು, "ಸರಿ, ಓಗು" ಎಂದು ಒಳಗೆ ಬಿಡುತ್ತಾಳೆ. ಬೈಕಿನವರನ್ನು ನಿಲ್ಲಿಸಿ ಊದಿಸುವ ಪೊಲೀಸರಿಗೂ ಇಷ್ಟು ಶ್ರದ್ಧೆ ಇರಲಾರದು.

ಇದಕ್ಕೆಲ್ಲ ಕಾರಣ ಬಿಯರ್ ಬೂಸ. ಬಿಯರ್ ಮಾಡುವವರು ಬಾರ್ಲಿ ಬೇಯಿಸಿ ರಸ ಇಳಿಸಿಕೊಂಡ ಮೇಲೆ ಉಳಿಯುವ ಕಾಳನ್ನು ಟೆಂಪೋದವನೊಬ್ಬ ಮೂಟೆ ಕಟ್ಟಿ ಅತ್ತೆಯ ಊರು ಸತ್ತೇಗಾಲಕ್ಕೆ ತರುತ್ತಾನೆ. ಅತ್ತೆಯ ಮಗ ಮೊದಲ ಸಲ ಕೊಂಡು ತಂದಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಕುಡುಕ್ರ ಎಂಜ್ಲ ನಮ್ ಅಸ ತಿಂದವಾ?"

"ಎಂಜ್ಲಲ್ಲ ಕಣವ್ವ. ನೀನು ಬಸ್ಸಾರು ಮಾಡಕಿಲ್ವಾ? ಕಾಳು ಬೇಯ್ಸಿ ಕಟ್ಟು ಬಸ್ಕಂಡು ಸಾರು ಮಾಡ್ತೀಯ, ಕಾಳ ಪಲ್ಯ ಮಾಡ್ತೀಯ. ಇದೂ ಅಂಗೇಯ. ಸಾರು ಅವ್ರಿಗೆ, ಪಲ್ಯ ನಮ್ ಅಸಿಗೆ."

ಬಸ್ಸಾರಿನ ಮಾತೆತ್ತಿದರೆ ನಮ್ಮ ಕಡೆ ಯಾವ ಹೆಂಗಸು ತಾನೇ ವಾದ ಮಾಡಿಯಾಳು? ಅತ್ತೆ ಒಪ್ಪಿದಳು. ಆದರೆ ಹಸುವಿಗೆ ಮತ್ತು ಏರಿದೆಯೋ ಇಲ್ಲವೋ ತಾನೇ ಮೂಸಿ ನೋಡುವುದಾಗಿ ಷರತ್ತು ಹಾಕಿದಳು.

ಈ ಅನುಮಾನಕ್ಕೂ ಒಂದು ಹಿನ್ನೆಲೆಯಿದೆ. ಅತ್ತೆಯ ತವರು ಬಂಡಳ್ಳಿ. ಅವಳು ಹುಡುಗಿಯಾಗಿದ್ದಾಗ ಹಳ್ಳದ ಪೊದೆಯ ಮರೆಯಲ್ಲಿ ಯಾರೋ ಕಳ್ಳಭಟ್ಟಿ ಇಳಿಸುತ್ತಿದ್ದರಂತೆ. ಉಳಿದ ಗಷ್ಟನ್ನು ಒಂದು ಸಲ ಗುಂಡಿಗೆ ಸುರಿದು ಹೋದರು. ನಮ್ಮ ತಾತನ ಎಮ್ಮೆ ಅದನ್ನು ಹೊಟ್ಟೆ ತುಂಬ ತಿಂದು, ಬೀದಿಗೆ ಅಡ್ಡಲಾಗಿ ಮಲಗಿ, ಮುಗುಳ್ನಗುತ್ತಾ ನಿದ್ದೆ ಹೋಯಿತು. ಅವತ್ತೇ ಸತ್ತೇಗಾಲದಿಂದ ಹೆಣ್ಣು ನೋಡಲು ಬಂದರು! ಹಿರಿಯರೆಲ್ಲ ಎಮ್ಮೆಯನ್ನು ಸುತ್ತಿಕೊಂಡು ಒಳಗೆ ಹೋದರೆ, ಗಂಡು ಮಾತ್ರ ಎಮ್ಮೆಯ ಪಕ್ಕದಲ್ಲೇ ಕುಳಿತುಬಿಟ್ಟ. ಉಪ್ಪಿಟ್ಟು ಆರಿತು, ಅತ್ತೆಯ ತಲೆಯ ಹೂವು ಬಾಡಿತು. ಆಮೇಲೆ ಎದ್ದು ಬಂದವನು ಒಂದೇ ಮಾತು ಆಡಿದ್ದು: "ಒಪ್ಪಿಗೆ." ಯಾರನ್ನು ನೋಡಿ ಒಪ್ಪಿದನೆಂದು ಅತ್ತೆಗೆ ಇವತ್ತಿಗೂ ಗೊತ್ತಿಲ್ಲ.

ಆ ಗಂಡೇ ನಮ್ಮ ಮಾವ. ಮಾತು ಬಾರದಷ್ಟು ಸಂಕೋಚದ ಮನುಷ್ಯ. ಸಂಜೆ ಕುಡಿದು ಬಂದಾಗ ಮಾತ್ರ ಎರಡು ಮಾತು. ಅತ್ತೆ ಅವನನ್ನೂ ಬಾಗಿಲಲ್ಲೇ ತಡೆದು "ಊದು" ಅನ್ನುತ್ತಿದ್ದಳು. ಅವನು ವಿಧೇಯನಾಗಿ ಊದುತ್ತಿದ್ದ. ಬೈಗುಳ ಮುಗಿದ ಮೇಲೆ ಊಟ. ಮಾವ ಹೋಗಿ ಕೆಲವು ವರ್ಷಗಳಾದವು. ಕುಡಿತವೇ ತಿಂದಿತು ಎನ್ನುತ್ತದೆ ಊರು. ಅತ್ತೆ "ವಯಸ್ಸಾಗಿತ್ತು" ಎಂದಷ್ಟೇ ಹೇಳುತ್ತಾಳೆ.

ಬೂಸ ಬರತೊಡಗಿದ ಮೇಲೆ ಆ ಮನೆಯ ಸಂಜೆಗಳೇ ಬೇರೆಯಾದವು. ಕೊಳ್ಳೇಗಾಲದಲ್ಲಿ ಕೆಲಸ ಮುಗಿಸಿ ನಾನು ಆಗಾಗ ಬಸ್ಸು ಹತ್ತಿ ಹೋಗುತ್ತೇನೆ. ನಾಲೆಯ ಕಡೆಯಿಂದ ತಂಗಾಳಿ, ತೆಂಗಿನ ನೆರಳು ಅಂಗಳದ ತುಂಬ. ತೊಟ್ಟಿಯಿಂದ ಹುಳಿಯೂ ಸಿಹಿಯೂ ಬೆರೆತ, ಮೊಳಕೆ ರಾಗಿಯನ್ನು ನೆನಪಿಸುವ ವಾಸನೆ. ಹಸುಗಳು ಅರೆಗಣ್ಣು ಮುಚ್ಚಿ ಮೆಲುಕು ಹಾಕುತ್ತವೆ. ಅತ್ತೆಯೂ ಅವುಗಳ ಪಕ್ಕ ಅರೆಗಣ್ಣು ಮುಚ್ಚಿ ಕೂರುತ್ತಾಳೆ. ಮತ್ತು ಏರಿರುವುದು ಯಾರಿಗೆ ಎಂಬ ಅನುಮಾನ ನನಗೆ ಬಂದದ್ದುಂಟು.

ಅಷ್ಟರಲ್ಲಿ ಮೀಸಲಿನ ತಕರಾರು ಎದ್ದಿತು. ಅತ್ತೆಯ ಮನೆಯಲ್ಲಿ ಸೋಮವಾರದ ಹಾಲು ಡೈರಿಗೆ ಹೋಗುವುದಿಲ್ಲ. ಅದರ ತುಪ್ಪ ಬೆಟ್ಟದ ದೇವರು ಮಾದಪ್ಪನಿಗೆ ಮೀಸಲು. ಬೆಟ್ಟಕ್ಕೆ ನಡೆದು ಹೋಗುವವರ ಕೈಯಲ್ಲಿ ಕಳಿಸುತ್ತಾರೆ. ಈ ಸಲ ಹೊರಟ ಹಿರಿಯರೊಬ್ಬರು ಬೂಸದ ಮೂಟೆ ನೋಡಿ, ಮೈಲಿಗೆಯೆಂದು ತುಪ್ಪದ ತಂಬಿಗೆಯನ್ನು ಮುಟ್ಟದೆ ಹೊರಟುಹೋದರು. ಮಗನಿಗೆ ಅವಮಾನವಾಯಿತು. ನಾಳೆಯಿಂದ ಬೂಸ ಬೇಡ ಎಂದುಬಿಟ್ಟ.

ಅತ್ತೆ ಹಿರಿಹಿರಿ ಹಿಗ್ಗುತ್ತಾಳೆ ಎಂದುಕೊಂಡಿದ್ದೆವು. ಬಾರಿನ ಮುಂದೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಹೋಗುವವಳಲ್ಲವೇ! ಅವಳು ಜಗಳಕ್ಕೇ ನಿಂತಳು.

"ಮಾದಪ್ಪ ಉಲಿ ಮ್ಯಾಲ್ ಕುಂತ್ಕಂಡು ಬೆಟ್ಟ ತಿರುಗ್ದೋನು ಕಣ್ಲಾ. ಬೂಸಕ್ಕೆ ಎದ್ರುಕಂಡನಾ?"

"ಜನ ಆಡ್ಕತರೆ ಕಣವ್ವ."

"ಅಸ ಸೊರಗ್ತವೆ."

"ಕಡ್ಲೆಕಾಯ್ ಇಂಡಿ ತತ್ತೀನಿ."

ಅತ್ತೆ ಊಟ ಬಿಟ್ಟು ಎದ್ದಳು. ನಾನು ಸಮಾಧಾನ ಹೇಳಲು ಹಿಂದೆಯೇ ಹೋದೆ. ಕೊಟ್ಟಿಗೆಯಲ್ಲಿ ಕೆಂಪು ಹಸುವಿನ ಮುಖಕ್ಕೆ ಮುಖ ಕೊಟ್ಟು ನಿಂತಿದ್ದಳು. "ಊದು" ಅನ್ನಲಿಲ್ಲ. ಅದರ ಉಸಿರನ್ನು ಎಳೆದುಕೊಳ್ಳುತ್ತಿದ್ದಳು.

"ಮತ್ತು ಏರದ ಅಸ ಯಾಕತ್ತೆ ಮೂಸ್ತೀಯ?" ಎಂದೆ.

ಅವಳು ಹಸುವಿನ ಗಂಗೆದೊಗಲು ನೇವರಿಸಿದಳು.

"ಎಲ್ರಿಗೂ ನಾನು ಅತ್ತೆ, ಅವ್ವ, ಅಕ್ಕ. ನಿಮ್ ಮಾವ ಅಗ್ಲೊತ್ನಲ್ಲಿ 'ಇವ್ಳೇ' ಅಂತಿದ್ದ. ಕುಡ್ದು ಬಂದಾಗ ಮಾತ್ರ ಬಾಗ್ಲಲ್ಲಿ ನಿಂತ್ಕಂಡು ನನ್ ಎಸ್ರು ಇಡ್ದು ಕರಿಯನು. ಆ ಕುಡ್ತುಕ್ಕೆ ಬೆಂಕಿ ಬೀಳ. ಆದ್ರೆ ಈ ವಾಸ್ನೆ ಬಂದ್ರೆ, ಇನ್ನೇನು ಕರ್ದಾನು ಅನ್ಸ್ತದೆ ಕಣ್ ಮಗ."

ತಿರುಗಿ ನೋಡಿದರೆ ಬಾಗಿಲಲ್ಲಿ ಅವಳ ಮಗ ನಿಂತಿದ್ದ. ಎಷ್ಟು ಕೇಳಿಸಿಕೊಂಡನೋ, ಅಲ್ಲಿಂದಲೇ ಹಿಂದಿರುಗಿದ.

ಬೆಳಿಗ್ಗೆ ಟೆಂಪೋ ಬಂದಾಗ ಅವನು ಬಿಳಿ ಹಸುವನ್ನು ಬಿಚ್ಚಿ ಬೇರೆ ಕಡೆ ಕಟ್ಟಿ, ಹಸಿ ಹುಲ್ಲು ಹಾಕುತ್ತಿದ್ದ. "ಇದು ಮಾದಪ್ಪುಂದು" ಎಂದ, ಯಾರಿಗೂ ಅಲ್ಲದಂತೆ. ಆಮೇಲೆ ಹೋಗಿ ಒಂದು ಮೂಟೆ ಇಳಿಸಿಕೊಂಡು ಬಂದು ಅದರ ಬಾಯಿ ಬಿಚ್ಚಿದ. ಬಿಸಿ ಆವಿ ಎದ್ದು ಅಂಗಳ ದಾಟಿ ಅಡುಗೆಮನೆಗೆ ಹೋಯಿತು.

ಒಲೆಯ ಸೌದೆ ಮುಂದಕ್ಕೆ ತಳ್ಳುತ್ತಿದ್ದ ಅತ್ತೆ ಥಟ್ಟನೆ ತಲೆಯೆತ್ತಿ, ಸೆರಗು ಸರಿಮಾಡಿಕೊಂಡು, ಬಾಗಿಲಿಗೆ ಬಂದು ನಿಂತಳು, ಯಾರೋ ಕರೆದರೆನ್ನುವಂತೆ.